ಆಮೆನ್ ಅಂದ ಮೇಲೆ ಮಿರ್ಚಿ: ದೇಹದ ಮನೆವಾರ್ತೆ ನೋಡಿಕೊಳ್ಳುವುದು ಹೇಗೆ

ದಾವಣಗೆರೆಯಲ್ಲಿ ಮನೆಪ್ರಾರ್ಥನೆ ಮುಗಿಯಲು ಬಂತೆಂದು ತಿಳಿಯಲು ಗಡಿಯಾರ ನೋಡಬೇಕಿಲ್ಲ. ಅಡುಗೆಮನೆಯಲ್ಲಿ ಕಡಲೆಹಿಟ್ಟು ಮೆತ್ತಿದ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಸದ್ದು ಕೇಳುತ್ತದೆ. ಕೊನೆಯ ಕೀರ್ತನೆ ಹಾಡುವವರ ರಾಗ ತಾನಾಗಿಯೇ ಚುರುಕಾಗುತ್ತದೆ.

ಕಳೆದ ವರ್ಷ ಅಂಥದ್ದೊಂದು ಸಂಜೆ ಪ್ರಾರ್ಥನಾ ಬೇಡಿಕೆ ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಒಟ್ಟು ಹದಿನಾಲ್ಕು. ಮಗಳ ಮದುವೆ ಒಂದು, ಕೋರ್ಟಿನ ವ್ಯಾಜ್ಯ ಒಂದು, ಮಗನ ಕೆಲಸ ಎರಡು. ಉಳಿದ ಹತ್ತೂ ಶುಗರ್, ಬಿಪಿ, ಮಂಡಿನೋವು, ಗ್ಯಾಸು, ರಕ್ತ ಕಡಿಮೆ. ಅಯ್ಯನವರು, ಅಂದರೆ ನಮ್ಮ ಸಭೆಯ ಪಾಸ್ಟರು, ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥಿಸಿದರು. ಆಮೆನ್ ಅಂದೆವು. ಐದೇ ನಿಮಿಷಕ್ಕೆ ಎಲ್ಲರ ಕೈಗೂ ಪೇಪರ್ ತಟ್ಟೆ ಬಂತು: ನರ್ಗೀಸ್ ಮಂಡಕ್ಕಿ, ಅದರ ಮೇಲೆ ಎರಡು ಮಿರ್ಚಿ, ಹಿಂದೆಯೇ ಸಕ್ಕರೆ ಮುಂದಾದ ಚಹಾ. ಆ ಹತ್ತು ಜನವೂ ತಿಂದರು. ನಾನೂ ತಿಂದೆ. ಮೂವತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು, ಹತ್ತರಲ್ಲಿ ಒಂದು ಬೇಡಿಕೆ ನನ್ನದೇ.

ಪವಿತ್ರಾತ್ಮನ ಗರ್ಭಗುಡಿ ನಮ್ಮ ದೇಹ ಎಂಬ ಮಾತನ್ನು (1 ಕೊರಿಂಥ 6:19) ಊಟದ ವಿಷಯ ಬಂದಾಗಲೆಲ್ಲ ಎತ್ತಿ ಹೇಳುತ್ತೇವೆ. ನಿಜ ಹೇಳಬೇಕೆಂದರೆ ಪೌಲನು ಅಲ್ಲಿ ಮಾತಾಡುತ್ತಿದ್ದದ್ದು ಜಾರತ್ವದ ಬಗ್ಗೆ, ಜಿಲೇಬಿಯ ಬಗ್ಗೆ ಅಲ್ಲ. ದೇಹ ನಮ್ಮ ಸ್ವಂತದ್ದಲ್ಲ, ಕ್ರಯಕ್ಕೆ ಕೊಳ್ಳಲ್ಪಟ್ಟದ್ದು ಎಂಬ ತತ್ವ ಊಟಕ್ಕೂ ಒಪ್ಪುತ್ತದೆ, ಆದರೆ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಲೂಕನ ಸುವಾರ್ತೆಯ 12ನೇ ಅಧ್ಯಾಯದ 42ನೇ ವಚನ. ಅಲ್ಲಿ ಯೇಸು ನಂಬಿಗಸ್ತನಾದ ಮನೆವಾರ್ತೆಯವನ ಮಾತೆತ್ತುತ್ತಾನೆ. ಅವನ ಕೆಲಸ ಏನು? ಮನೆಯವರಿಗೆ ಹೊತ್ತು ಹೊತ್ತಿಗೆ ಆಹಾರ ಅಳೆದು ಕೊಡುವುದು. ಅಳತೆ ಮತ್ತು ಹೊತ್ತು, ಎರಡೇ. ಮನೆವಾರ್ತೆ ಅಂದರೆ ನಮ್ಮ ಕಡೆ ಮನೆಯ ಆಗುಹೋಗು. ದೇಹವೂ ಒಂದು ಮನೆ, ಯಜಮಾನ ಬೇರೆ ಇದ್ದಾನೆ, ಉಗ್ರಾಣದ ಕೀಲಿ ಮಾತ್ರ ನನ್ನ ಸೊಂಟದಲ್ಲಿದೆ. ತಟ್ಟೆ ತುಂಬಿದ ಮೇಲೆ ಕಣ್ಣು ಮುಚ್ಚಿ ಆಶೀರ್ವಾದ ಬೇಡುವುದು ಸರಿಯೇ. ಆದರೆ ಮನೆವಾರ್ತೆಯವನ ಕೆಲಸ ಅದಕ್ಕೂ ಮುಂಚೆ, ಎಣ್ಣೆ ಸೌಟು ಕೈಗೆ ತೆಗೆದುಕೊಂಡಾಗಲೇ ಶುರುವಾಗಿರುತ್ತದೆ.

ಒಂದು ಎಚ್ಚರಿಕೆ. ಹೊರಗಿನಿಂದ ಒಳಗೆ ಹೋಗುವ ಯಾವುದೂ ಮನುಷ್ಯನನ್ನು ಹೊಲೆ ಮಾಡುವುದಿಲ್ಲ ಎಂದು ಮಾರ್ಕನ 7ನೇ ಅಧ್ಯಾಯದಲ್ಲಿ ಇದೆ. ಹಾಗಾಗಿ ಬೆಣ್ಣೆ ದೋಸೆ ಪಾಪವಲ್ಲ, ಸಿರಿಧಾನ್ಯ ಪುಣ್ಯವಲ್ಲ. ದಪ್ಪಗಿರುವವರನ್ನು ನೋಡಿ "ಇವರಿಗೆ ಆತ್ಮಸಂಯಮ ಇಲ್ಲ" ಎಂದು ಪಿಸುಗುಡುವ ಚಾಳಿ ಸಭೆಗಳಲ್ಲಿ ಉಂಟು. ಥೈರಾಯ್ಡ್, ಮಾತ್ರೆ, ಮನೆತನದ ಮೈಕಟ್ಟು, ಏನೇನೋ ಕಾರಣ ಇರುತ್ತವೆ. ಈ ಲೇಖನವನ್ನು ಪಕ್ಕದವರ ತಟ್ಟೆ ನೋಡಲು ಬಳಸಬೇಡಿ.

ಮೊದಲು: ಏನೂ ಬದಲಿಸದೆ ಒಂದು ವಾರ ಬರೆಯಿರಿ

ಶಾಲೆ ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ಏಳು ದಿನ ಬಾಯಿಗೆ ಹೋದದ್ದನ್ನೆಲ್ಲ ಹೊತ್ತಿನ ಸಮೇತ ಬರೆಯಿರಿ. ಅಡುಗೆ ಮಾಡುವಾಗ ಬಾಯಿಗೆ ಹಾಕಿಕೊಂಡ ಶೇಂಗಾ, ಮಕ್ಕಳು ಬಿಟ್ಟದ್ದನ್ನು ತಿಂದದ್ದು, ಆಫೀಸಿನ ಚಹಾ, ಎಲ್ಲ. ನನ್ನ ಪಟ್ಟಿಯಲ್ಲಿ ದಿನಕ್ಕೆ ಐದು ಚಹಾ ಇತ್ತು. ಒಂದಕ್ಕೆ ಎರಡು ಚಮಚ ಸಕ್ಕರೆ ಎಂದರೂ 40ರಿಂದ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ. ಚಹಾದಲ್ಲೇ ಎರಡು ದಿನದ ಪಡಿ ಮುಗಿಸುತ್ತಿದ್ದೆ. ಬೆಲ್ಲ ಹಾಕುತ್ತೇನೆ ಅನ್ನುವವರಿಗೂ ಲೆಕ್ಕ ಹೆಚ್ಚು ಕಡಿಮೆ ಅದೇ.

ಅದೇ ವಾರ ಟೇಪು ತೆಗೆದುಕೊಂಡು ಹೊಟ್ಟೆಯ ಸುತ್ತಳತೆ ನೋಡಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ಎಚ್ಚರ ಬೇಕು. ಮೂವತ್ತು ದಾಟಿದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಸರ್ಕಾರದ "ನಮ್ಮ ಕ್ಲಿನಿಕ್"ನಲ್ಲೋ ಬಿಪಿ, ಶುಗರ್ ನೋಡಿಸಿ. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಬಾಗಿಲ ಬಳಿ ನಿಂತಿದ್ದೀರಿ. 126 ಅಥವಾ ಮೇಲಿದ್ದರೆ ಮತ್ತೊಮ್ಮೆ ಪರೀಕ್ಷಿಸಿ ಖಚಿತ ಮಾಡುತ್ತಾರೆ. ನನ್ನದು ಮೊದಲ ಸಲ 148 ಬಂದಾಗ ಯಂತ್ರ ಸರಿಯಿಲ್ಲ ಅಂದುಬಿಟ್ಟೆ. ರೋಗಿಗಳ ಬಾಯಲ್ಲಿ ಆ ಮಾತು ಎಷ್ಟು ಸಲ ಕೇಳಿದ್ದೆನೋ!

ಆಮೇಲೆ: ಪಾಕೀಟಿನ ಮೇಲೆ ತಾರೀಖು ಹಾಕಿ

ಇದೊಂದನ್ನು ಮಾಡಿ ಉಳಿದದ್ದನ್ನು ಬಿಟ್ಟರೂ ನನಗೆ ಸಮಾಧಾನ. ದಿನಾ ಚಮಚದಲ್ಲಿ ಅಳೆಯುವುದು ಯಾರಿಂದಲೂ ಆಗದ ಮಾತು, ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತೇವೆ. ಬದಲಿಗೆ ಉಪ್ಪಿನ ಪಾಕೀಟು, ಎಣ್ಣೆ ಪಾಕೀಟು ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ಮುಗಿದ ದಿನ ಕ್ಯಾಲೆಂಡರ್ ನೋಡಿ.

ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ದಾಟಬಾರದು. ನಾಲ್ಕು ಜನ ದೊಡ್ಡವರಿರುವ ಮನೆಗೆ ದಿನಕ್ಕೆ 20 ಗ್ರಾಂ, ಅಂದರೆ ಒಂದು ಕಿಲೋ ಪಾಕೀಟು 50 ದಿನ ಬರಬೇಕು. ನಮ್ಮ ಮನೆಯಲ್ಲಿ 31 ದಿನಕ್ಕೆ ಮುಗಿದಿತ್ತು. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಖಾರ ಮಂಡಕ್ಕಿಯ ಉಪ್ಪು ಬೇರೆ. ಬಿಪಿ ಮಾತ್ರೆಯನ್ನು ಒಂದರಿಂದ ಎರಡು ಮಾಡಿಸಿಕೊಂಡು ಬಂದ ನಮ್ಮ ಯಜಮಾನರು ಆ ಲೆಕ್ಕ ನೋಡಿ ಸುಮ್ಮನಾದರು. ಈಗ 44 ದಿನಕ್ಕೆ ಬಂದಿದೆ. ಬುತ್ತಿಗೆ ಉಪ್ಪಿನಕಾಯಿ ಬದಲು ಗುರೆಳ್ಳು ಚಟ್ನಿಪುಡಿ, ಅಗಸೆ ಚಟ್ನಿಪುಡಿ ಹಾಕುತ್ತೇನೆ. ಪುಡಿಗೂ ಉಪ್ಪು ಬೇಕು, ಆದರೆ ಅರ್ಧದಷ್ಟೇ ಹಾಕಿ ಹುಣಸೆ, ಬೆಳ್ಳುಳ್ಳಿ ಮುಂದು ಮಾಡಿದರೆ ಗೊತ್ತಾಗುವುದಿಲ್ಲ.

ಎಣ್ಣೆಗೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2000 ಕ್ಯಾಲೊರಿ ಊಟ ಮಾಡುವ ಒಬ್ಬರಿಗೆ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲ ಸೇರಿ ದಿನಕ್ಕೆ 27 ಗ್ರಾಂ ಎಂದು ತಟ್ಟೆಯ ಲೆಕ್ಕ ಕೊಟ್ಟಿದೆ. ನಾಲ್ವರಿಗೆ ತಿಂಗಳಿಗೆ ಮೂರೂಕಾಲು ಕಿಲೋ ಆಯಿತು, ಹೆಚ್ಚೆಂದರೆ ಮೂರೂವರೆ ಲೀಟರ್. ಕುಳಿತು ಕೆಲಸ ಮಾಡುವವರಿಗೆ ಅದಕ್ಕೂ ಕಡಿಮೆ ಸಾಕು. ಇಲ್ಲಿ ಚಳ್ಳಕೆರೆಯವರು ನನ್ನ ಮೇಲೆ ಸಿಟ್ಟಾಗುತ್ತಾರೆ. ಎಣ್ಣೆ ಗಿರಣಿಗಳ ಊರು, ಶೇಂಗಾ ಎಣ್ಣೆಯ ಘಮಲು ಬೀದಿಗೇ ಬರುತ್ತದೆ. "ನಮ್ಮದು ಗಾಣದೆಣ್ಣೆ ಸಿಸ್ಟರ್, ಏನೂ ಆಗಲ್ಲ" ಎಂದು ಹೇಳದವರಿಲ್ಲ. ಶೇಂಗಾ ಎಣ್ಣೆ ಒಳ್ಳೆಯ ಎಣ್ಣೆಯೇ. ಆದರೂ ಗಾಣದ್ದಾಗಲಿ ಗಿರಣಿಯದ್ದಾಗಲಿ, ಗ್ರಾಂಗೆ 9 ಕ್ಯಾಲೊರಿ ತಪ್ಪುವುದಿಲ್ಲ. ಮಿರ್ಚಿ ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಇನ್ನೂ ಕೆಟ್ಟದ್ದು. ಅದಕ್ಕೇ ಬಾಣಲಿಗೆ ಕಡಿಮೆ ಎಣ್ಣೆ ಹಾಕಿ, ನಾಲ್ಕು ನಾಲ್ಕಾಗಿ ಕರಿಯಿರಿ, ಉಳಿದ ಚೂರನ್ನು ಮರುದಿನದ ಪಲ್ಯದ ಒಗ್ಗರಣೆಗೆ ಹಾಕಿ ಮುಗಿಸಿ.

ಬೆಣ್ಣೆ ದೋಸೆ ಬಿಡಬೇಕಾ ಎಂದು ಎಲ್ಲರೂ ಕೇಳುತ್ತಾರೆ. ದಾವಣಗೆರೆಯಲ್ಲಿ ಹುಟ್ಟಿ ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ತಿಂಗಳಿಗೊಮ್ಮೆ ಹೋಗಿ, ಮನಸಾರೆ ಒಂದು ಬೆಣ್ಣೆ ದೋಸೆ ತಿನ್ನಿ, ಅಷ್ಟಕ್ಕೇ ಏಳಿ. ಮಿಕ್ಕ ದಿನ ಖಾಲಿ ದೋಸೆ ಇದ್ದೇ ಇದೆ. ಜೇನು ಸಿಕ್ಕಿದರೆ ಬೇಕಾದಷ್ಟೇ ತಿನ್ನು ಎಂದು ಜ್ಞಾನೋಕ್ತಿ 25:16 ಹೇಳುವುದೂ ಅದನ್ನೇ, ಜೇನೇ ಬೇಡ ಅನ್ನುವುದಿಲ್ಲ.

ತಟ್ಟೆಗೆ ಬಡಿಸುವ ಸರದಿ ಬದಲಿಸಿ

ನಮ್ಮಲ್ಲಿ ಮೊದಲು ಅನ್ನ ಗುಡ್ಡೆ ಬೀಳುತ್ತದೆ, ಮಿಕ್ಕದ್ದಕ್ಕೆ ಜಾಗ ಇರುವುದಿಲ್ಲ. ಸರದಿ ತಿರುಗಿಸಿ. ಮೊದಲು ಪಲ್ಯ, ಸೊಪ್ಪು, ಸೌತೆ, ಈರುಳ್ಳಿ, ಮೂಲಂಗಿ ಅರ್ಧ ತಟ್ಟೆ. ಆಮೇಲೆ ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗದಲ್ಲಿ ಮುದ್ದೆಯೋ ರೊಟ್ಟಿಯೋ ಅನ್ನವೋ. ಮೂರೂ ಅಲ್ಲ, ಒಂದು.

ಭದ್ರಾ ನಾಲೆ ಬರುವ ಮೊದಲು ಈ ಸೀಮೆಯವರು ತಿನ್ನುತ್ತಿದ್ದದ್ದು ಜೋಳ, ರಾಗಿ, ನವಣೆ, ಸಾಮೆ. ನೀರು ಬಂತು, ಗದ್ದೆ ಆಯಿತು, ಹಬ್ಬಕ್ಕೆ ಮಾತ್ರ ಇದ್ದ ಅನ್ನ ದಿನಕ್ಕೆ ಮೂರು ಹೊತ್ತು ಆಯಿತು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ಸಂಜೆ ಮಂಡಕ್ಕಿ, ರಾತ್ರಿ ಮತ್ತೆ ಅನ್ನ. ಲೆಕ್ಕ ಹಾಕಿದರೆ ಎಲ್ಲ ಅಕ್ಕಿಯೇ. ಮಂಡಕ್ಕಿ ಹಗುರ ಇದೆಯೆಂದು ಮೋಸ ಹೋಗಬೇಡಿ, ಅರಳಿದ ಅಕ್ಕಿ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಬಿಡಲಾರದವರು ಒಂದು ಹಿಡಿ ಮಂಡಕ್ಕಿಗೆ ಎರಡು ಹಿಡಿ ಮೊಳಕೆ ಹೆಸರು, ಹೆಚ್ಚಿದ ಈರುಳ್ಳಿ, ಸೌತೆ, ಸ್ವಲ್ಪ ಹುರಿದ ಶೇಂಗಾ ಸೇರಿಸಿ ನಿಂಬೆ ಹಿಂಡಿಕೊಳ್ಳಲಿ.

ಸಿರಿಧಾನ್ಯದ ಬಗ್ಗೆಯೂ ಒಂದು ಮಾತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲೆ ನಮ್ಮ ಹೊಸದುರ್ಗದ ಸಾಮೆಗೂ ಅಂಗಡಿಯಲ್ಲಿ ಗತ್ತು ಬಂದಿದೆ. ಒಳ್ಳೆಯದೇ, ನಾರು ಹೆಚ್ಚು. ರಾಗಿಯಲ್ಲಂತೂ 100 ಗ್ರಾಂಗೆ 340 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ. ಆದರೆ ಅನ್ನದಷ್ಟೇ ಗುಡ್ಡೆ ನವಣೆ ಬಡಿಸಿಕೊಂಡರೆ ಪಿಷ್ಟ ಪಿಷ್ಟವೇ. ನಮ್ಮ ಅಜ್ಜಿಯರಿಗೆ ನವಣೆ ಅರಗಿದ್ದು ಹೊಲದಲ್ಲಿ ಬಗ್ಗಿ ಕಳೆ ಕಿತ್ತದ್ದರಿಂದ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ, ಅದಕ್ಕೆ ವಿವರ ಬೇಡ.

ದುಡ್ಡಿನ ಚಿಂತೆ ಇರುವವರಿಗೆ: ಹುರುಳಿಕಾಳು, ಹೆಸರು, ಅಲಸಂದೆ ಮಾಂಸಕ್ಕಿಂತ ಅಗ್ಗ. ಸೊಪ್ಪನ್ನು ಸಂತೆ ಏಳುವ ಹೊತ್ತಿಗೆ ಕೊಂಡರೆ ಎರಡು ಕಟ್ಟಿನ ದುಡ್ಡಿಗೆ ಮೂರು ಬರುತ್ತದೆ. ನುಗ್ಗೆ ಸೊಪ್ಪು ಯಾರದಾದರೂ ಹಿತ್ತಲಲ್ಲಿ ಇದ್ದೇ ಇರುತ್ತದೆ, ಕೇಳಿದರೆ ಇಲ್ಲ ಅನ್ನುವುದಿಲ್ಲ. ಹುರುಳಿ ಬಸ್ಸಾರು, ಸೊಪ್ಪಿನ ಪಲ್ಯ, ಒಂದು ಮುದ್ದೆ. ಇದಕ್ಕೆ ಯಾವ ಡಯಟ್ ಪಟ್ಟಿಯೂ ಬೇಕಿಲ್ಲ.

ಉಣ್ಣದವರನ್ನು ಊಟಕ್ಕೆ ಎಬ್ಬಿಸಿ

ದೇಹದ ಹೊಣೆ ಅಂದ ಕೂಡಲೇ ಎಲ್ಲರಿಗೂ ಕಡಿಮೆ ತಿನ್ನುವುದೇ ನೆನಪಾಗುತ್ತದೆ. ವಾರ್ಡಿನಲ್ಲಿ ನಾನು ಕಂಡ ಅರ್ಧ ಹೆಂಗಸರ ತೊಂದರೆ ತದ್ವಿರುದ್ಧ. ಗಂಡ ಉಂಡು, ಮಕ್ಕಳು ಉಂಡು, ಅತ್ತೆಗೆ ಬಡಿಸಿ, ಉಳಿದ ತಿಳಿಸಾರಿಗೆ ಅನ್ನ ಕಲಸಿ ನಿಂತೇ ಉಣ್ಣುವವರು. ಭಾನುವಾರ ಆರಾಧನೆಗೆ ಮುಂಚೆ ಎಲ್ಲರನ್ನೂ ಸಿಂಗರಿಸಿ ಹೊರಡಿಸಿ, ತಾನು ಬರೀ ಚಹಾ ಕುಡಿದು ಬಂದು ಪ್ರಸಂಗದ ನಡುವೆ ತಲೆಸುತ್ತಿ ಬೀಳುವವರು. ಇದನ್ನು ತ್ಯಾಗ ಎಂದು ಕರೆದು ನಾವು ಮೆಚ್ಚುತ್ತೇವೆ, ತಾಯಂದಿರ ದಿನ ಒಂದು ಗುಲಾಬಿ ಕೊಡುತ್ತೇವೆ.

ಎಲೀಯನ ಕಥೆ (1 ಅರಸುಗಳು 19) ಓದಿ. ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿ, ಒಂದು ಗಿಡದ ನೆರಳಲ್ಲಿ ಕುಳಿತು ಸಾವು ಬೇಡಿದ ಪ್ರವಾದಿ. ದೇವದೂತ ಬಂದು ಅವನಿಗೆ ಬುದ್ಧಿ ಹೇಳಲಿಲ್ಲ, ನಂಬಿಕೆ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಮುಟ್ಟಿ ಎಬ್ಬಿಸಿ ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ, ದಾರಿ ದೂರ ಇದೆ ಉಣ್ಣು ಅಂದ.

ನಿಮ್ಮ ಮನೆಯ ದಾರಿಯೂ ದೂರ ಇದೆ ಅಕ್ಕ. ಎಲ್ಲರ ಜೊತೆ ಕುಳಿತು ಬಡಿಸಿಕೊಳ್ಳಿ, ಮೊಟ್ಟೆ ನಾಲ್ಕೇ ಇದ್ದು ಜನ ಐದು ಇದ್ದರೆ ಹೆಚ್ಚಿ ಹಂಚಿ. ಬೇಗ ಸುಸ್ತು, ಏದುಸಿರು, ಬಿಳಿಚಿಕೊಂಡ ಕಣ್ಣು ಇದ್ದರೆ ರಕ್ತ ನೋಡಿಸಿ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇರಬಾರದು. ಸೊಪ್ಪು, ಕಾಳು ಉಣ್ಣುವಾಗ ನಿಂಬೆ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಹಿಡಿಯುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದು ತಡೆಯುತ್ತದೆ, ಕನಿಷ್ಠ ಒಂದು ಗಂಟೆ ಬಿಡಿ. ತೀರಾ ಕಡಿಮೆ ಇದ್ದರೆ ಬರೀ ಸೊಪ್ಪಿನಿಂದ ಆಗದು, ಕಬ್ಬಿಣದ ಮಾತ್ರೆ ಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಿ.

ಹೊತ್ತು, ನೀರು, ಉಪವಾಸ

ರಾತ್ರಿ ಊಟ ಎಂಟರೊಳಗೆ ಮುಗಿಯಲಿ. ಮನೆಪ್ರಾರ್ಥನೆ ಎಂಟಕ್ಕೆ ಶುರುವಾಗುವುದಾದರೆ ಉಂಡೇ ಹೋಗಿ.

ಚಿತ್ರದುರ್ಗ ಜಿಲ್ಲೆಯ ಬಂಧುಗಳಿಗೆ, ಅದರಲ್ಲೂ ಬೋರ್‌ವೆಲ್ ನೀರು ಕುಡಿಯುವವರಿಗೆ, ಊಟಕ್ಕಿಂತ ಮೊದಲು ನೀರಿನ ಮಾತು. ಅಲ್ಲಿನ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆದೀತು. ದಾಟಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಮೂಡುತ್ತದೆ, ವರ್ಷಗಳು ಕಳೆದಂತೆ ಮೂಳೆ ಬಿಗಿಯುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಬೇಳೆ ಬೇಯಿಸುವುದು ಬೋರಿನ ನೀರಲ್ಲಾದರೆ ಕ್ಯಾನು ಹೊತ್ತು ತಂದದ್ದು ಅರ್ಧ ವ್ಯರ್ಥ.

ಇನ್ನು ಉಪವಾಸ. ಲೆಂಟ್ (ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಕಾಲ) ಬಂದಾಗ ಬೈಬಲಿನ ದಾನಿಯೇಲನ ಹತ್ತು ದಿನದ ಕಾಯಿಪಲ್ಯ ಎಲ್ಲರ ಬಾಯಲ್ಲೂ ಇರುತ್ತದೆ. ಅವನು ಅರಸನ ಊಟ ಬಿಟ್ಟದ್ದು ಮೈ ಇಳಿಸಲು ಅಲ್ಲ, ತನ್ನನ್ನು ಅಶುದ್ಧ ಮಾಡಿಕೊಳ್ಳಬಾರದೆಂದು. ಅದೂ ಮೇಲ್ವಿಚಾರಕನಿಗೆ ಹೇಳಿ, ಹತ್ತು ದಿನ ಪರೀಕ್ಷಿಸಿ ನೋಡು ಎಂದು ಒಪ್ಪಿಸಿ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ನಿಮ್ಮ ವೈದ್ಯರಿಗೆ ಹೇಳದೆ ಉಪವಾಸ ಹಿಡಿಯಬೇಡಿ. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ: ಕೈ ನಡುಕ, ಬೆವರು, ಎದೆ ಡವಡವ, ಮಾತು ತೊದಲು. ಅಂಥವರನ್ನು ಕಂಡರೆ ಎಚ್ಚರ ಇದ್ದಲ್ಲಿ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಕಿಡ್ನಿ ತೊಂದರೆ ಇರುವವರು ಮೇಲೆ ಹೇಳಿದ ಕಾಳು, ಸೊಪ್ಪನ್ನೂ ಕೇಳಿಯೇ ತಿನ್ನಬೇಕು. ನಿಮ್ಮಿಂದ ಊಟ ಬಿಡಲು ಆಗದಿದ್ದರೆ ಸಂಜೆಯ ಮಿರ್ಚಿಯ ದುಡ್ಡನ್ನು ನಲವತ್ತು ದಿನ ಡಬ್ಬಿಗೆ ಹಾಕಿ. ಹಸಿದವನಿಗೆ ರೊಟ್ಟಿ ಹಂಚುವುದೇ ನನಗೆ ಇಷ್ಟವಾದ ಉಪವಾಸ ಎಂದು ಯೆಶಾಯ 58ರಲ್ಲಿ ದೇವರೇ ಹೇಳಿದ್ದಾನೆ.

ಕೊನೆಗೆ: ಸಭೆಯ ತಟ್ಟೆ

ಒಬ್ಬಳೇ ಬದಲಾಗುವುದು ಕಷ್ಟ. ಬಂದವರಿಗೆ ಬರೀ ಕಾಳು ಕೊಟ್ಟರೆ ಏನಂದುಕೊಂಡಾರು ಎಂಬ ಅಂಜಿಕೆಗೇ ಎಷ್ಟೋ ಮನೆಗಳಲ್ಲಿ ಬಾಣಲಿ ಒಲೆ ಏರುತ್ತದೆ. ಹಾಗಾಗಿ ನಮ್ಮ ಸ್ತ್ರೀ ಸಂಘದಲ್ಲಿ ಕುಳಿತು ಒಂದು ನಿಯಮ ಮಾಡಿಕೊಂಡೆವು. ಮನೆಪ್ರಾರ್ಥನೆಗೆ ಯಾರ ಮನೆಯಾದರೂ ಒಂದೇ ತಿಂಡಿ, ಉಸುಳಿ. ಚಹಾಕ್ಕೆ ಸಕ್ಕರೆ ಬೇರೆ ಬಟ್ಟಲಲ್ಲಿ. ಇಲ್ಲದವರ ಮನೆಗೂ ಇದರಿಂದ ಹೊರೆ ಇಳಿಯಿತು, ಅದು ನಾವು ಎಣಿಸದೆ ಬಂದ ಲಾಭ.

ಮೊದಲ ವಾರ ಹಿರಿಯರೊಬ್ಬರು ತಟ್ಟೆ ನೋಡಿ, "ಏನ್ರೀ ಸಿಸ್ಟರ್, ಇದು ಮನೆಪ್ರಾರ್ಥನೆನೋ ಉಪವಾಸ ಪ್ರಾರ್ಥನೆನೋ?" ಅಂದರು. ಎರಡನೇ ವಾರ ಬರಲೇ ಇಲ್ಲ. ಕೊನೆಗೆ ರಾಜಿಯಾಯಿತು: ತಿಂಗಳ ಮೊದಲ ಕೂಟಕ್ಕೆ ಮಿರ್ಚಿ, ತಲೆಗೆ ಒಂದು. ಮಿಕ್ಕ ಮೂರಕ್ಕೆ ಉಸುಳಿ. ಆ ಹಿರಿಯರು ಈಗ ಬರುತ್ತಾರೆ, ಮೊದಲ ಕೂಟಕ್ಕೆ ಸ್ವಲ್ಪ ಬೇಗನೇ ಬರುತ್ತಾರೆ.

ಇಪ್ಪತ್ತೈದು ಜನರ ಉಸುಳಿಗೆ ಲೆಕ್ಕ ಹೀಗೆ. ಹೆಸರುಕಾಳು ಒಂದು ಕಿಲೋ, ಹಿಂದಿನ ದಿನ ಬೆಳಿಗ್ಗೆ ನೆನೆಹಾಕಿ, ರಾತ್ರಿ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮರುದಿನ ಮೊಳಕೆಯನ್ನು ಮೆತ್ತಗಾಗದಂತೆ ಹಬೆಯಲ್ಲಿ ಬೇಯಿಸಿ. ನಾಲ್ಕು ದೊಡ್ಡ ಚಮಚ ಶೇಂಗಾ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಹದಿನೈದು ಹಸಿಮೆಣಸಿನಕಾಯಿ, ಅರ್ಧ ಕಿಲೋ ಈರುಳ್ಳಿ. ಉಪ್ಪು ಐದು ಸಣ್ಣ ಚಮಚ ಮಟ್ಟಸವಾಗಿ, ಗೋಪುರ ಬೇಡ. ಒಂದು ಹೋಳು ಕಾಯಿತುರಿ, ಎರಡು ಕಟ್ಟು ಕೊತ್ತಂಬರಿ. ಆರು ನಿಂಬೆಹಣ್ಣಿನ ರಸವನ್ನು ಒಲೆ ಆರಿಸಿದ ಮೇಲೆ ಹಿಂಡಿ, ಕಾಯುವಾಗ ಹಿಂಡಿದರೆ ಕಹಿ ಬರುತ್ತದೆ.